ಸಾಂತಿನೋಗೆ ದೇಶ ಸಿಕ್ಕಿತು

ಒಬ್ಬ ಮನುಷ್ಯ ಮಲಗುವಾಗ ಒಂದು ದೇಶದವನಾಗಿದ್ದು, ಏಳುವಾಗ ಯಾವ ದೇಶದವನೂ ಅಲ್ಲ ಅಂತ ಆಗುವುದಾದರೆ, ಅಂಥ ಕಾನೂನು ಬರೆದವರನ್ನು ಹಿಡಿದು ತಂದು ಜುಲೈ ತಿಂಗಳ ಮಧ್ಯಾಹ್ನ ದುಬೈಯ ಅಲ್ ಕೂಜ್‌ನ ನಮ್ಮ ಗೋದಾಮಿನ ತಗಡಿನ ಮಾಡಿನ ಮೇಲೆ ಕೂರಿಸಬೇಕು. ಚಪ್ಪಲಿ ಕೊಡಬಾರದು. ಕಾನೂನು ಅಂದರೆ ಏನು ಅಂತ ಆಗ ಅವರ ಅಂಗಾಲಿಗೆ ತಿಳಿಯುತ್ತದೆ.

ಸಾಂತಿನೋ ಮತ್ತು ನಾನು ಅದೇ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದೆವು. ಟೈಲ್ಸ್ ಗೋದಾಮು. ನಾನು ಫೋರ್ಕ್‌ಲಿಫ್ಟ್ ಓಡಿಸುವವನು, ಅವನು ಬಂದ ಮಾಲನ್ನು ಎಣಿಸಿ ಒಳಗೆ ಹಾಕಿಸಿಕೊಳ್ಳುವವನು. ಕೆಲಸಗಾರರ ಕ್ಯಾಂಪಿನಲ್ಲೂ ಒಂದೇ ರೂಮು; ಕೆಳಗಿನ ಮಂಚ ಅವನದು, ಮೇಲಿನದು ನನ್ನದು. ಅವನಿಗೆ ನನ್ನ ಹಿಂದಿ ಅರ್ಧ ಬರುತ್ತಿತ್ತು, ನನಗೆ ಅವನ ಅರಬಿ ಮುಕ್ಕಾಲು ಬರುತ್ತಿತ್ತು, ಅಷ್ಟರಲ್ಲಿ ನಮ್ಮ ಸಂಸಾರ ನಡೆಯುತ್ತಿತ್ತು.

ಅವನು ಸುಡಾನಿನವನು. ಅಪ್ಪ ಅಮ್ಮ ದಕ್ಷಿಣದ ಡಿಂಕಾ ಜನ. ಯುದ್ಧದಲ್ಲಿ ಊರು ಸುಟ್ಟುಹೋದ ಮೇಲೆ ಉತ್ತರದ ಖಾರ್ಟೂಮಿಗೆ ಓಡಿಬಂದು, ಊರಾಚೆಯ ಬಯಲಲ್ಲಿ ಮಣ್ಣಿನ ಗೋಡೆ ಎಬ್ಬಿಸಿಕೊಂಡವರು. ಸಾಂತಿನೋ ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ಖಾರ್ಟೂಮಿನಲ್ಲೇ. ಹೆಂಡತಿ, ಮಗಳು ಅಚೋಲ್ ಈಗಲೂ ಅಲ್ಲೇ ಇದ್ದರು. ದಕ್ಷಿಣದ ಮಣ್ಣನ್ನು ಅವನು ಒಂದು ಸಲವೂ ತುಳಿದಿರಲಿಲ್ಲ. ಆದರೆ ಅದರ ಸುದ್ದಿ ಎತ್ತಿದರೆ ಸಾಕು, ಊಟ ಬಿಟ್ಟು ಕೂರುತ್ತಿದ್ದ. ನದಿ ಹೇಗೆ, ದನಗಳ ಕೊಂಬು ಹೇಗೆ, ಅಪ್ಪ ಹೇಳಿದ್ದನ್ನೆಲ್ಲ ತಾನೇ ಕಂಡ ಹಾಗೆ ಹೇಳುತ್ತಿದ್ದ.

ಎರಡು ಸಾವಿರದ ಹನ್ನೊಂದರ ಜನವರಿಯಲ್ಲಿ ದಕ್ಷಿಣದವರು ವೋಟು ಹಾಕಿದರು, ನಮಗೆ ಬೇರೆ ದೇಶ ಬೇಕು ಅಂತ. ಹೊರದೇಶದಲ್ಲಿದ್ದವರಿಗೂ ಕೆಲವು ಕಡೆ ಮತಗಟ್ಟೆ ಇಟ್ಟಿದ್ದರು. ಅಮೆರಿಕದಲ್ಲಿ ಇತ್ತು, ಆಸ್ಟ್ರೇಲಿಯಾದಲ್ಲಿ ಇತ್ತು. ಗಲ್ಫಿನಲ್ಲಿ ಎಲ್ಲೂ ಇರಲಿಲ್ಲ. ಬೆವರು ಸುರಿಸುವವನ ವೋಟು ಯಾರಿಗೆ ಬೇಕು? ಸಾಂತಿನೋ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಹಾಕದಿದ್ದರೂ ನನ್ನ ವೋಟು ಅಲ್ಲಿ ಬಿದ್ದಿದೆ ಅಂದ. ಜುಲೈಯಲ್ಲಿ ಹೊಸ ಬಾವುಟ ಹಾರಿದ ದಿನ ಕ್ಯಾಂಪಿನ ಪಕ್ಕದ ಕೆಫೆಟೇರಿಯಾದ ಟಿವಿ ಮುಂದೆ ನೆಟ್ಟಗೆ ನಿಂತು ಮಕ್ಕಳ ಹಾಗೆ ಅತ್ತ. ನಮ್ಮ ಮಾಲೀಕರು ಮುಝಫ್ಫರ್ ಸಾಹೇಬರು, ನನ್ನೂರು ಭಟ್ಕಳದವರೇ, ಗೋದಾಮಿಗೆ ಮಿಠಾಯಿ ತರಿಸಿದರು. ಅವನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡರು. ನಮ್ಮ ಕಂಪನಿಯಲ್ಲಿ ಲೋಕದ ಅತಿ ಹೊಸ ದೇಶದವನೊಬ್ಬ ಇದ್ದಾನೆ ಅಂತ ಬಂದ ಗಿರಾಕಿಗಳಿಗೆಲ್ಲ ಹೇಳಿದರು.

ನವೆಂಬರಿನಲ್ಲಿ ಅವನ ವೀಸಾ ಮುಗಿಯುವುದಕ್ಕೆ ಬಂತು. ವೀಸಾ ಹೊಸದು ಮಾಡಬೇಕಾದರೆ ಪಾಸ್‌ಪೋರ್ಟಿಗೆ ಆಯುಷ್ಯ ಇರಬೇಕು. ಅವನದಕ್ಕೆ ಇರಲಿಲ್ಲ. ಪಾಸ್‌ಪೋರ್ಟು, ವೀಸಾ ಎಲ್ಲ ನೋಡಿಕೊಳ್ಳುತ್ತಿದ್ದವರು ಆಫೀಸಿನ ಕಾನ್ರಾಡ್ ಸರ್, ಮಂಗಳೂರು ಕಡೆಯವರು. ಸಾಂತಿನೋ ಹೋಗುವ ಇಗರ್ಜಿಗೇ ಅವರೂ ಹೋಗುತ್ತಿದ್ದರು. ಅವರು ಫೋನಿನ ಮೇಲೆ ಫೋನು ಮಾಡಿ ವಿಚಾರಿಸಿ ಕೊನೆಗೆ ನಮ್ಮಿಬ್ಬರನ್ನೂ ಕರೆದರು.

"ಇವನ ಹಳೇ ದೇಶ ಹೇಳ್ತದೆ, ದಕ್ಷಿಣದವರು ಇನ್ನು ನಮ್ಮವರಲ್ಲ ಅಂತ. ಹೊಸ ದೇಶ ಇನ್ನೂ ಪಾಸ್‌ಪೋರ್ಟಿನ ಪುಸ್ತಕವೇ ಅಚ್ಚು ಹಾಕಿಸ್ಲಿಲ್ಲ. ಈಗ ನಾನು ವೀಸಾ ಎಲ್ಲಿ ಹೊಡಿಸುದು ಮಾರಾಯ, ಇವನ ಹಣೆಗಾ?"

ನನಗೆ ಸಿಟ್ಟು ನೆತ್ತಿಗೇರಿತು. ಸೀದಾ ಸಾಹೇಬರ ಕೋಣೆಗೆ ನುಗ್ಗಿದೆ. ಅವರು ಕೂತುಕೋ ಅಂದರು, ನಾನು ಕೂರಲಿಲ್ಲ. ಮಿಠಾಯಿ ಹಂಚುವಾಗ ಇದ್ದ ದೇಶ ಈಗ ಎಲ್ಲಿಗೆ ಹೋಯಿತು ಅಂತ ಕೇಳಿದೆ. ಅವರು ನಿಧಾನಕ್ಕೆ ಕನ್ನಡಕ ಒರೆಸಿಕೊಂಡು, ವೀಸಾ ಕ್ಯಾನ್ಸಲ್ ಮಾಡಿ ಖಾರ್ಟೂಮಿಗೆ ಟಿಕೆಟ್ ಕೊಡುವುದೊಂದೇ ದಾರಿ ಅಂದರು. ಖಾರ್ಟೂಮಿನಲ್ಲಿ ದಕ್ಷಿಣದವರಿಗೆ ಏಪ್ರಿಲ್ ತನಕ ಮಾತ್ರ ಗಡುವು, ಆಮೇಲೆ ಹುಟ್ಟಿದ ಮನೆಯಲ್ಲೇ ಅವನು ಪರದೇಶಿ, ಅಲ್ಲಿಗೆ ಕಳಿಸುತ್ತೀರಾ ಅಂದೆ.

"ನನ್ನ ಮೇಲೆ ಕೂಗಿ ಎಂತ ಮಾಡ್ತಿ ಉಬೈದ್? ಕಾಗದ ಇಲ್ಲದವನನ್ನ ಇಟ್ಕೊಂಡ್ರೆ ನಾಳೆ ಗೋದಾಮಿಗೇ ಬೀಗ. ಆಗ ನೀನೂ ಊರಿಗೆ, ನಾನೂ ಊರಿಗೆ."

ಊರಿಗೆ. ಆ ಮಾತು ಅವರ ಬಾಯಿಂದ ಎಷ್ಟು ಸಲೀಸಾಗಿ ಬಂತು ನೋಡಿ. ಹೋಗಲಿಕ್ಕೆ ಊರಿದ್ದವರ ಬಾಯಿಗೆ ಮಾತ್ರ ಅದು ಹಾಗೆ ಬರುತ್ತದೆ.

ದಾರಿ ತೋರಿಸಿದವರು ಕಾನ್ರಾಡ್ ಸರ್. ಸುಡಾನಿನಲ್ಲಿ ನೂಬಾ ಅಂತ ಒಂದು ಬೆಟ್ಟದ ಜನ ಇದ್ದಾರಂತೆ. ಮೈಬಣ್ಣ, ಎತ್ತರ ನೋಡಿದರೆ ದಕ್ಷಿಣದವರ ಹಾಗೇ. ಆದರೆ ಗಡಿ ಎಳೆದಾಗ ಅವರ ಬೆಟ್ಟ ಉತ್ತರಕ್ಕೆ ಬಿದ್ದಿದೆ, ಹಾಗಾಗಿ ಅವರು ಹಳೇ ದೇಶದವರಾಗಿಯೇ ಉಳಿದಿದ್ದಾರೆ. ಸಾಂತಿನೋನ ಹುಟ್ಟಿದ ಸರ್ಟಿಫಿಕೇಟಿನಲ್ಲಿ ಖಾರ್ಟೂಮ್ ಅಂತ ಮಾತ್ರ ಇದೆ, ಜಾತಿ ಇಲ್ಲ. ನಾನು ನೂಬಾದವನು ಅಂತ ಅರಬಿಯಲ್ಲಿ ಒಂದು ಘೋಷಣೆ ಬರೆಸಿಕೊಟ್ಟರೆ ಪಾಸ್‌ಪೋರ್ಟು ಆಗಬಹುದು. ಅಬುಧಾಬಿಯಲ್ಲಿ ಅವರ ಎಂಬೆಸಿಯಿಂದ ಸ್ವಲ್ಪ ದೂರದಲ್ಲಿ ಒಂದು ಟೈಪಿಂಗ್ ಸೆಂಟರ್ ಇದೆ. ಅಲ್ಲಿಯವನೊಬ್ಬ ಸುಡಾನಿ ಇಂಥದನ್ನೆಲ್ಲ ಸರಿಯಾದ ಅರಬಿಯಲ್ಲಿ ಕೂರಿಸಿಕೊಡುತ್ತಾನೆ, ಆದರೆ ಅವನಿಗೂ ನೂಬಾ ಅಂತಲೇ ಹೇಳಬೇಕು. ಇಷ್ಟು ಹೇಳಿ ಕಾನ್ರಾಡ್ ಸರ್ ಶಿಲುಬೆಯ ಗುರುತು ಮಾಡಿಕೊಂಡರು. ದೇವರು ಇದಕ್ಕೆಲ್ಲ ನರಕಕ್ಕೆ ಹಾಕುವುದಿಲ್ಲ, ಅವನಿಗೂ ಆಫೀಸು ನಡೆಸಿ ಗೊತ್ತುಂಟು ಅಂದರು.

ಸಾಂತಿನೋ ಒಪ್ಪಲಿಲ್ಲ. ರೂಮಿಗೆ ಬಂದು ಗೋಡೆಗೆ ಮುಖ ಹಾಕಿ ಮಲಗಿದ. ನಾನು ಬಿಡಲಿಲ್ಲ. ನಾನೇನು ಮಾಡುತ್ತೇನೆ ಗೊತ್ತಾ ಅಂದೆ. ಇಲ್ಲಿ ಯಾವ ಹಿಂದೂಸ್ತಾನಿಯಾದರೂ ಯಾವ ಊರು ಅಂತ ಕೇಳಿದರೆ ನಾನು ಮಂಗಳೂರು ಅನ್ನುತ್ತೇನೆ. ಭಟ್ಕಳ ಅಂದರೆ ಅವನ ಕಣ್ಣು ಬದಲಾಗುತ್ತದೆ. ಪೇಪರಿನಲ್ಲಿ ಯಾವನದೋ ಹೆಸರಿನ ಹಿಂದೆ ನಮ್ಮೂರಿನ ಹೆಸರು ಬಂದು, ಊರಿಗೆ ಊರೇ ಬಾಂಬು ಹಿಡಿದು ನಿಂತ ಹಾಗೆ ಅವನಿಗೆ ಕಾಣುತ್ತದೆ. ನಮ್ಮ ಅಬ್ಬಾ ಅಲ್ಲಿ ಮೀನಿನ ಬಲೆ, ಹಗ್ಗ ಮಾರುತ್ತಾರೆ. ಅದನ್ನೆಲ್ಲ ಟ್ಯಾಕ್ಸಿಯಲ್ಲಿ ಕೂತು ವಿವರಿಸಲಿಕ್ಕೆ ಆಗುತ್ತದಾ? ಮಂಗಳೂರು ಅಂದರೆ ಖಲಾಸ್, ಮಾತು ಮೀನುಸಾರಿಗೆ ಹೋಗುತ್ತದೆ. ನೀನೂ ನೂಬಾ ಅನ್ನು. ನಾಲಿಗೆ ಸವೆಯುತ್ತದಾ?

"ನಿನ್ನ ಅಪ್ಪನಿಗೆ ಗೊತ್ತುಂಟಾ, ನೀನು ಮಂಗಳೂರು ಅನ್ನುವುದು?" ಅಂತ ಗೋಡೆಯ ಕಡೆಯಿಂದ ಕೇಳಿದ.

ನಾನು ಅವನಿಗೆ ಬೈದೆ. ನಿನಗೆ ಮಗಳಿಗಿಂತ ಮಾತು ಹೆಚ್ಚಾಯಿತಾ ಅಂದೆ. ಏಪ್ರಿಲಿನಲ್ಲಿ ಅಚೋಲ್‌ಳನ್ನು ದಕ್ಷಿಣಕ್ಕೆ ಹೋಗುವ ದೋಣಿ ಹತ್ತಿಸಿ, ನೀನೇ ಕಾಣದ ಊರಿಗೆ ಕಳಿಸು ಅಂದೆ. ಎರಡು ದಿನ ಕಳೆದು, ಗೋದಾಮಿನಲ್ಲಿ ಮಾಲು ಎಣಿಸುತ್ತಿದ್ದವನು ತಾನಾಗಿ ಬಂದು, ಯಲ್ಲಾ, ಅಬುಧಾಬಿಗೆ ಹೋಗುವ ಅಂದ.

ಕಾನ್ರಾಡ್ ಸರ್ ಕಂಪನಿಯ ಪಿಕಪ್ ಕೊಡಿಸಿದರು. ಬೆಳಿಗ್ಗೆಯೇ ಹೊರಟೆವು. ದಾರಿಯುದ್ದಕ್ಕೂ ಸಾಂತಿನೋ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ. ಬೆಟ್ಟದ ಹೆಸರು, ಹಳ್ಳಿಯ ಹೆಸರು, ಅಜ್ಜನ ಹೆಸರು. ಪರೀಕ್ಷೆಗೆ ಹೋಗುವ ಹುಡುಗರ ಹಾಗೆ. ತನ್ನದಲ್ಲದ ಅಜ್ಜನನ್ನು ಬಾಯಿಪಾಠ ಮಾಡುತ್ತಿದ್ದ.

ಟೈಪಿಂಗ್ ಸೆಂಟರ್ ಅಂದರೆ ನಮ್ಮೂರ ಜೆರಾಕ್ಸ್ ಅಂಗಡಿಯಷ್ಟೇ ಜಾಗ. ಸರಕಾರಕ್ಕೆ ಕೊಡುವ ಅರ್ಜಿಗಳನ್ನೆಲ್ಲ ಅರಬಿಯಲ್ಲಿ ಟೈಪು ಮಾಡಿಕೊಡುವ ಜಾಗ. ಒಳಗೆ ಕೂತಿದ್ದವನು ವಯಸ್ಸಾದ ಮನುಷ್ಯ, ಬಿಳಿ ಜುಬ್ಬ, ನಗುಮುಖ. ಸಾಂತಿನೋನ ಅರಬಿ ಕೇಳಿದ್ದೇ, ಖಾರ್ಟೂಮಿನವನಾ ಅಂತ ಎದ್ದು ಬಂದು ತಬ್ಬಿಕೊಂಡ. ಇಬ್ಬರಿಗೂ ಚಹಾ ಹಾಕಿಕೊಟ್ಟ. ಯಾವ ಬೀದಿ, ಯಾವ ಶಾಲೆ ಎಲ್ಲ ವಿಚಾರಿಸಿದ. ಇಬ್ಬರಿಗೂ ಗೊತ್ತಿದ್ದ ಒಂದು ಬೇಕರಿ ಸಿಕ್ಕಿತು. ಹೀಗೆ ಅರ್ಧ ಕೆಲಸ ಆದ ಮೇಲೆ, ಯಾವ ಜನ ಅಂತ ಕೇಳಿದ.

ಸಾಂತಿನೋ ನೂಬಾ ಅಂದ.

ಮುದುಕನ ಬೆರಳು ಟಪಟಪ ಓಡಿತು. ಓಡುತ್ತಲೇ ಮಾತು ಶುರುವಾಯಿತು. ತನ್ನ ಮನೆಯವನ ಹತ್ತಿರ ಮನಸ್ಸು ಬಿಚ್ಚಿದ ಹಾಗೆ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ.

"ದಕ್ಷಿಣದವರು ಹೋದದ್ದು ಒಳ್ಳೆಯದಾಯಿತು ಅಖೀ. ಎಷ್ಟು ವರ್ಷ ತಿನ್ನಿಸಿದೆವು ಅವರಿಗೆ. ಹೆಂಡ ಕಾಯಿಸುವುದು, ಕದಿಯುವುದು, ಅಂಗಳ ಗಲೀಜು ಮಾಡುವುದು. ಈಗ ಮನೆ ಚೊಕ್ಕಟ ಆಯಿತು. ನೀವು ನೂಬಾದವರು ಹಾಗಲ್ಲ, ಎಷ್ಟಾದರೂ ನಮ್ಮವರು. ನಿಜ ತಾನೇ?"

ಸಾಂತಿನೋ ನಕ್ಕ.

ನಕ್ಕು, "ನಿಜ ಚಾಚಾ, ಮನೆ ಚೊಕ್ಕಟ ಆಯಿತು" ಅಂದ.

ಆ ನಗು ನನಗೆ ಗೊತ್ತಿತ್ತು. ಬರ್ ದುಬೈಯ ಒಂದು ಹೋಟೆಲಿನಲ್ಲಿ, ನಾನು ಮಂಗಳೂರಿನವನು ಅಂದುಕೊಂಡು ಭಟ್ಕಳದ ಬಗ್ಗೆ ಒಬ್ಬ ಊಟ ಮುಗಿಯುವ ತನಕ ಹೇಳಿದ್ದ, ನಾನು ಪಾಯಸ ತಿನ್ನುತ್ತಾ ಇದೇ ನಗು ನಕ್ಕಿದ್ದೆ. ಆವತ್ತು ನುಂಗಿದ್ದೆಲ್ಲ ಈಗ ಗಂಟಲಿಗೆ ಬಂತು. ಏನು ಮಾಡುತ್ತಿದ್ದೇನೆ ಅಂತ ಗೊತ್ತಾಗುವ ಮೊದಲು ಆ ಮುದುಕನ ಜುಬ್ಬದ ಕೊರಳಪಟ್ಟಿ ನನ್ನ ಮುಷ್ಟಿಯಲ್ಲಿತ್ತು. ಚಹಾ ಮೇಜಿನ ಮೇಲೆಲ್ಲ ಚೆಲ್ಲಿತ್ತು. ಯಾರು ಗಲೀಜು, ಇನ್ನೊಂದು ಸಲ ಹೇಳು ಅಂತ ನಾನು ಕನ್ನಡದಲ್ಲೋ ನಮ್ಮ ಮನೆಮಾತು ನವಾಯತಿಯಲ್ಲೋ ಕೂಗುತ್ತಿದ್ದೆ. ಅವನಿಗೆ ಒಂದು ಅಕ್ಷರ ತಿಳಿದಿರಲಿಕ್ಕಿಲ್ಲ. ಬಿಳಿಚಿಕೊಂಡು ಪೊಲೀಸರಿಗೆ ಮಾಡುತ್ತೇನೆ ಅಂತ ಫೋನಿಗೆ ಕೈ ಚಾಚಿದ.

ಸಾಂತಿನೋ ನನ್ನ ಮಣಿಕಟ್ಟು ಹಿಡಿದು ತಿರುಚಿ ಬಿಡಿಸಿದ. ಮಾಲು ಎತ್ತುವ ಕೈ ಅವನದು. ನನ್ನನ್ನು ಗೋಡೆಗೆ ತಳ್ಳಿದ. ಆಮೇಲೆ ಮುದುಕನ ಎದುರು ಬಗ್ಗಿ ಅವನ ಟೋಪಿ ಸರಿಮಾಡಿ, ತಲೆಗೆ ಮುತ್ತಿಟ್ಟ. ಅವರಲ್ಲಿ ದೊಡ್ಡವರ ಕ್ಷಮೆ ಕೇಳುವುದು ಹಾಗೆ. ಒಂದು ಸಲ ಇಟ್ಟ, ಸಾಲದು ಅಂತ ಇನ್ನೊಂದು ಸಲ ಇಟ್ಟ. ಇವನು ಇಂಡಿಯಾದವನು, ಇವನಿಗೆ ಅರಬಿ ತಿಳಿಯುವುದಿಲ್ಲ, ತಲೆಯೂ ಸ್ವಲ್ಪ ಸರಿಯಿಲ್ಲ, ನನ್ನ ಮುಖ ನೋಡಿ ಬಿಟ್ಟುಬಿಡಿ ಅಂದ. ತನ್ನ ಅಪ್ಪ ಅಮ್ಮನನ್ನು ಗಲೀಜು ಅಂದವನ ತಲೆಗೆ. ನಾನು ನೋಡುತ್ತಾ ನಿಂತಿದ್ದೆ.

"ನೀನು ಹೊರಗೆ ನಡಿ," ಅಂದ ನನಗೆ, ತಿರುಗಿಯೂ ನೋಡದೆ.

ಪಿಕಪ್ಪಿನಲ್ಲಿ ಕೂತೆ. ಗಾಜಿನ ಬಾಗಿಲಿಂದ ಎಲ್ಲ ಕಾಣುತ್ತಿತ್ತು. ಸಾಂತಿನೋ ಮೇಜು ಒರೆಸಿದ. ಮುದುಕ ಇನ್ನೊಂದು ಕಪ್ ಚಹಾ ಹಾಕಿದ, ಸಾಂತಿನೋ ಕುಡಿದ. ಮುದುಕ ಏನೋ ಹೇಳಿದ, ಸಾಂತಿನೋ ತಲೆ ಆಡಿಸಿದ. ಪ್ರಿಂಟರಿನಿಂದ ಕಾಗದ ಹೊರಬಂತು. ಮುದುಕ ಅದನ್ನು ಓದಿ ತೋರಿಸಿದ, ಸಾಂತಿನೋ ಸಹಿ ಹಾಕಿದ. ಅಲ್ಲಿಂದ ಅವನು ಸೀದಾ ಎಂಬೆಸಿಗೆ ನಡೆದುಕೊಂಡೇ ಹೋದ. ನಾನು ಗಾಡಿ ನಿಧಾನಕ್ಕೆ ಓಡಿಸಿಕೊಂಡು ಹಿಂದೆ ಹೋದೆ. ಹತ್ತುತ್ತೇನೆ ಅಂತ ಅವನು ಹೇಳಲಿಲ್ಲ, ಹತ್ತು ಅನ್ನುವ ಧೈರ್ಯ ನನಗೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದ. ಅರ್ಜಿ ತೆಗೆದುಕೊಂಡರು, ಘೋಷಣೆ ಸರಿಯಿದೆ ಅಂದರು, ಹೊಸ ಪಾಸ್‌ಪೋರ್ಟಿಗೆ ಮುಂದಿನ ತಿಂಗಳು ಬಾ ಅಂದಿದ್ದಾರೆ ಅಂತ ಹೇಳಿದ. ಸಂತೋಷದ ಸುದ್ದಿ. ಬೇರೆಯವರ ಸಾವಿನ ಸುದ್ದಿಯ ಹಾಗೆ ಹೇಳಿದ.

ದುಬೈ ದಾರಿಗೆ ಬಿದ್ದ ಮೇಲೆ ನಾನೇ ಬಾಯಿಬಿಟ್ಟೆ. ನಿನ್ನ ಪರವಾಗಿಯೇ ಅವನನ್ನು ಹಿಡಿದದ್ದು, ಅಂಥ ಮಾತು ಕೇಳಿಕೊಂಡು ಹೇಗೆ ಕೂರಲಿ ಅಂದೆ.

"ಕೂರಬೇಕಿತ್ತು," ಅಂದ. "ನಾನು ಕೂತಿರಲಿಲ್ವಾ? ಪೊಲೀಸ್ ಬಂದಿದ್ದರೆ ನಿನ್ನನ್ನು ಎಲ್ಲಿಗೆ ಕಳಿಸುತ್ತಿದ್ದರು? ನಿನ್ನ ಊರಿಗೆ. ನನ್ನನ್ನು? ನಿನಗೆ ಸಿಟ್ಟು ಬಂದರೆ ಹಿಂದೆ ನಿಲ್ಲಲಿಕ್ಕೆ ಒಂದು ದೇಶ ಉಂಟು ಉಬೈದ್. ನನಗೆ ಸಿಟ್ಟು ಬರುವುದಿಲ್ಲ ಅಂದುಕೊಂಡೆಯಾ?"

ನನ್ನ ಹತ್ತಿರ ಇದ್ದದ್ದು ಸಿಟ್ಟು ಮಾತ್ರ. ಗಡಿ ಎಳೆದವರ ಮೇಲೆ, ಕಾನೂನಿನ ಮೇಲೆ, ಸಾಹೇಬರ ಮಿಠಾಯಿಯ ಮೇಲೆ, ಚಹಾ ಕೊಟ್ಟು ತಬ್ಬಿಕೊಂಡ ಆ ಒಳ್ಳೆಯ ಮುದುಕನ ಮೇಲೆ, ನೂಬಾ ಅನ್ನು ಅಂತ ಇವನ ಬೆನ್ನು ಬಿದ್ದ ನನ್ನ ಮೇಲೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆವತ್ತು ಮಾತ್ರ ಅದನ್ನು ಗಾಡಿಯ ಗೇರಿನ ಮೇಲೆ ತೀರಿಸಿಕೊಂಡೆ.

ಸ್ವಲ್ಪ ದೂರ ಹೋದ ಮೇಲೆ ಅವನ ಫೋನು ಬಡಿಯಿತು. ಖಾರ್ಟೂಮಿನಿಂದ ಅವನ ಅಪ್ಪ. ಪಾಸ್‌ಪೋರ್ಟು ಏನಾಯಿತು ಅಂತ ಕೇಳಿದರು. ಆಗುತ್ತದೆ ಅಪ್ಪ, ಕಂಪನಿಯವರು ಮಾಡಿಸುತ್ತಿದ್ದಾರೆ ಅಂದ ಸಾಂತಿನೋ. ಹೇಗೆ ಅಂತ ಆಚೆಯಿಂದ ಕೇಳಿದ್ದಕ್ಕೆ, ಸರಿಯಾಗಿ ಕೇಳಿಸುತ್ತಿಲ್ಲ, ಆಮೇಲೆ ಮಾಡುತ್ತೇನೆ ಅಂತ ಇಟ್ಟುಬಿಟ್ಟ. ನನಗೆ ಈ ಕಡೆ ಸೀಟಿಗೂ ಅವನ ಅಪ್ಪನ ಧ್ವನಿ ಸ್ಪಷ್ಟ ಕೇಳುತ್ತಿತ್ತು.

ಗಾಡಿ ಅಲ್ ಕೂಜ್‌ನ ಒಳರಸ್ತೆಗೆ ತಿರುಗುವಾಗ ಅವನು ಜೇಬಿನಿಂದ ಒಂದು ಚೀಟಿ ತೆಗೆದು ನೋಡಿ ಮತ್ತೆ ಒಳಗಿಟ್ಟ. ಟೈಪಿಂಗ್ ಸೆಂಟರಿನವನ ನಂಬರು.

"ಅಚೋಲ್‌ಗೂ ಪಾಸ್‌ಪೋರ್ಟು ಮಾಡಿಸಬೇಕು, ಏಪ್ರಿಲಿನ ಒಳಗೆ," ಅಂದ. "ಅವನೇ ಟೈಪು ಮಾಡಿಕೊಡುತ್ತಾನಂತೆ. ಆವತ್ತು ನೀನು ಬರಬೇಡ. ನಾನು ಬಸ್ಸಿಗೆ ಹೋಗುತ್ತೇನೆ."