ಮೂಲೆಬುರುಜಿನ ನೀರು

ಬ್ರೆಸಾಕ್ ಕೋಟೆಯ ಮೂಲೆಬುರುಜಿನಲ್ಲಿ ಎರ್ಸಾನ್ ಮೂರು ತಾಮ್ರದ ಬೋಗುಣಿಗಳಲ್ಲಿ ನೀರಿಟ್ಟುಕೊಂಡು ಕೂತಿದ್ದಳು. ಹೊರಗಿನ ಶತ್ರು ನೆಲದಡಿ ಸುರಂಗ ತೋಡಿದರೆ ನೀರು ನಡುಗುತ್ತದೆ. ನಡುಗಿದ ಕಡೆಗೆ ಒಳಗಿನವರೂ ತೋಡಿಕೊಂಡು ಹೋಗಿ ಅವರನ್ನು ತಡೆಯಬೇಕು. ಹಾಗೆ ಬುರುಜಿನ ನೆಲದಲ್ಲಿ ತೋಡಿದ ಬಿಲಕ್ಕೆ ಒಬ್ಬನೇ ಇಳಿದವನು ಅವಳ ಗಂಡ, ಕಲ್ಲುಕುಟಿಗ ಆನ್ಸೆಲ್. ಬೆಳಗಿನಿಂದ ಅವಳು ಬೋಗುಣಿಗಳಿಂದ ಕಣ್ಣು ಕಿತ್ತಿರಲಿಲ್ಲ. ಮುತ್ತಿಗೆ ಹಾಕಿದವರ ಮೇಲೆ ಎಷ್ಟು ಸಿಟ್ಟೋ, ಗಂಡನನ್ನು ಆ ಬಿಲಕ್ಕೆ ಇಳಿಸಿದ ನಾಯಕನ ಮೇಲೂ ಅಷ್ಟೇ ಸಿಟ್ಟು.

ಅಲ್ಲಿಯವರೆಗೆ ನಡುಗುತ್ತಿದ್ದ ಎರಡು ಬೋಗುಣಿಗಳ ನೀರು ಮಧ್ಯಾಹ್ನ ಅಲುಗದೆ ನಿಂತಿತು. ಆನ್ಸೆಲ್ ತೋಡುತ್ತಿದ್ದ ಕಡೆಯದು ಮಾತ್ರ ಅವನ ಏಟಿಗೆ ನಡುಗುತ್ತಿತ್ತು.

"ಸಾಕಾಯ್ತು ನನ್ಮಕ್ಳಿಗೆ, ಬಿಟ್ಟೋದ್ರು!" ಎಂದು ಬೋಗುಣಿ ನೋಡಲು ಬಂದ ನಾಯಕ ತೊಡೆ ತಟ್ಟಿದ.

ಸ್ವಲ್ಪ ಹೊತ್ತಿಗೆ ಗೋಡೆಯ ಬುಡದಿಂದ ಹಂದಿ ಸುಡುವ ವಾಸನೆ ಎದ್ದಿತು. ಎರಡು ತಿಂಗಳಿಂದ ಕುದುರೆ ಮೂಳೆ ಬೇಯಿಸಿ ಕುಡಿದಿದ್ದ ಜನ ಅಂಗಳದಿಂದ ಓಡಿಬಂದು ಬುರುಜಿನ ಅಂಗಳದ ಕಡೆಯ ಗೋಡೆಗೆ ಮೂಗು ಹಚ್ಚಿ ನಿಂತರು. ಆನ್ಸೆಲ್‌ನ ತಂಗಿ ಪೆರೊನೆಲ್ ಒಣರೊಟ್ಟಿ ಹಿಡಿದು ಬಾಗಿಲಲ್ಲಿ ಇಣುಕಿದಳು.

"ಬಾ ಅತ್ತಿಗೆ, ವಾಸನೆ ನಂಚ್ಕಂಡು ರೊಟ್ಟಿ ತಿನ್ನಾನ! ಕಳ್ರು ಹಬ್ಬ ಮಾಡ್ತಾವ್ರೆ."

ಎರ್ಸಾನ್ ನಕ್ಕಳು ಕೂಡ. ಮರುಗಳಿಗೆಯೇ ನಗು ನಿಂತಿತು. ಹಬ್ಬದ ಅಡುಗೆಯನ್ನು ಶತ್ರುವಿನ ಗೋಡೆಯಡಿ ಯಾರು ಮಾಡುತ್ತಾರೆ? ಅವರು ಬಿಟ್ಟುಹೋಗಿಲ್ಲ, ತೋಡಿ ಮುಗಿಸಿದ್ದಾರೆ. ಬುರುಜನ್ನು ಹೊತ್ತು ನಿಂತ ಸುರಂಗದ ಮರದ ಕಂಬಗಳಿಗೆ ಹಂದಿ ಕೊಬ್ಬು ಬಳಿದು ಬೆಂಕಿ ಇಟ್ಟಿದ್ದಾರೆ. ಕಂಬ ಉರಿದರೆ ಬುರುಜು ಉಳಿಯುವುದಿಲ್ಲ.

"ರೀ, ಮೇಲಕ್ಕೆ ಬನ್ರೀ!" ಬಿಲಕ್ಕೆ ಬಾಗಿ ಕಿರುಚಿದಳು.

"ಇನ್ನೊಂದೇ ಮೊಳ ಕಣೇ!"

"ನಿಮ್ಮ ಮೊಳ ಹಾಳಾಗ! ಕಂಬಕ್ಕೆ ಬೆಂಕಿ ಬಿದ್ದೈತೆ!"

ಮಣ್ಣು ಮೆತ್ತಿಕೊಂಡು ಹತ್ತಿಬಂದವನ ಕೈ ಹಿಡಿದು ಹೊರಗೆಳೆದಳು. ಗೋಡೆಗಂಟಿ ನಿಂತವರಿಗೆ "ಓಡ್ರೋ, ಓಡ್ರೋ" ಎಂದು ಕೂಗುತ್ತಲೇ ಅವನನ್ನು ಅಂಗಳದ ಆಚೆ ತುದಿಯವರೆಗೆ ಓಡಿಸಿದಳು. ಯಾರೂ ಕದಲಲಿಲ್ಲ.

"ಅತ್ತಿಗೆಗೆ ನಮ್ ಪಾಲ್ ಕಂಡು ಹೊಟ್ಟೆಕಿಚ್ಚು!" ಗೋಡೆಯ ಬಳಿಯಿಂದಲೇ ಪೆರೊನೆಲ್ ರೊಟ್ಟಿ ಬೀಸಿ ನಕ್ಕಳು.

ಆನ್ಸೆಲ್ ತಿರುಗಿ ನೋಡಿದ. "ಬಿಡೇ, ನನ್ ತಂಗಿ ಅಲ್ಲೇ ಅವ್ಳೆ!"

ಎರ್ಸಾನ್ ಅವನ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ನೆಲಕ್ಕೆ ಕೂತುಬಿಟ್ಟಳು. ಅವನು ಬೈದ, ಗುದ್ದಿದ, ಕೂದಲು ಹಿಡಿದು ಎಳೆದ. ಬುರುಜು ಬುಡದಿಂದ ಬಿರಿದು ಪೆರೊನೆಲ್ ನಿಂತ ಜಾಗದ ಮೇಲೆ ಕುಸಿಯುವವರೆಗೂ ಅವಳು ಬಿಡಲಿಲ್ಲ. ಅವನು ಗುದ್ದುವುದು ನಿಲ್ಲಿಸಿದ ಮೇಲೂ ಬಿಡಲಿಲ್ಲ.