ಕೊಕ್ಕೆ ಬೆರಳು

ಗೋಡೆ ಬೆವರಿದೆ — ಆರ್ಗನ್ನಿನ ಹಿಂದೆ, ಕಿಟಕಿಯ ಕೆಳಗೆ, ಹೋದ ಭಾನುವಾರ ಅಂಗೈಯಷ್ಟಿದ್ದ ತೇವ ಈಗ ಊಟದ ತಟ್ಟೆಯಷ್ಟಾಗಿದೆ, ವಾರವಿಡೀ ಹಿಡಿದಿದ್ದ ಮಳೆ ಬೆಳಿಗ್ಗೆ ಬಿಟ್ಟರೇನು, ಆರ್ಗನ್ನಿನ ಮರಕ್ಕೆ ಅದೆಲ್ಲ ತಿಳಿಯುವುದಿಲ್ಲ, ನೀರು ಕುಡಿದು ಉಬ್ಬಿ ಕೂತಿರುತ್ತದೆ, ಇಂಥ ದಿನ ನಡುವಿನ ಆ ಬಿಳಿ ಕೀ ಒತ್ತಿದರೆ ಇಳಿಯುತ್ತದೆ, ಏಳುವುದಿಲ್ಲ, ಕಾಲಲ್ಲಿ ತುಳಿಯುವ ತಿದಿಯಲ್ಲಿ ಗಾಳಿ ಇರುವಷ್ಟು ಹೊತ್ತೂ ಒಂದೇ ಸ್ವರ ಮೇಕೆಯ ಹಾಗೆ ಅರಚುತ್ತಲೇ ಇರುತ್ತದೆ, ಇದು ಇಡೀ ಚರ್ಚಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ದೇವರಿಗೆ ಮತ್ತು ಅವಳಿಗೆ. ದೇವರು ಇಂಥದ್ದನ್ನೆಲ್ಲ ಸೊಸೆಗೆ ಹೇಳಲು ಹೋಗುವುದಿಲ್ಲ. ಅವಳೂ ಹೇಳಿಲ್ಲ. ಬೆಳಿಗ್ಗೆ ತಲೆ ಬಾಚುತ್ತಾ ಸೊಸೆಯೇ ಬಾಯಿಬಿಟ್ಟು ಕೇಳಿದಳಲ್ಲ, ಅತ್ತೆ, ಚರ್ಚಲ್ಲಿ ನುಡಿಸೋದು ಮೊದಲನೇ ಸಲ, ಇವತ್ತು ಮರ್ಯಾದೆ ಹೋದ್ರೆ ಇನ್ನು ಆ ಆರ್ಗನ್ ಸ್ಟೂಲಿನ ಹತ್ರ ಸುಳಿಯೋದೂ ಇಲ್ಲ ನಾನು, ಹೇಳಿಕೊಡೋದು ಏನಾದ್ರೂ ಉಳಿದಿದ್ಯಾ? — ಮಾತು ನಾಲಿಗೆಯ ತುದಿಗೆ ಬಂದಿತ್ತು, ಚಹಾದ ಜೊತೆ ನುಂಗಿಬಿಟ್ಟಳು, ಏನಿಲ್ಲ ಹೋಗಮ್ಮ, ಎಲ್ಲ ಸರಿಹೋಗುತ್ತೆ ಅಂದಳು, ಅಂದ ಬಾಯಿ ತನ್ನದೇನಾ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಬಾಗಿಲಲ್ಲಿ ಎಲ್ಲರೂ ಬಂದು ಮಾತಾಡಿಸಿದರು, ಆರ್ಗನಮ್ಮ ಬಂದ್ರಾ, ಆರ್ಗನಮ್ಮ ಹುಷಾರಾ, ಅಬ್ಬಾ, ಇನ್ನು ಆ ಕರೆಯೂ ಸ್ಟೂಲಿನ ಹಿಂದೆಯೇ ಹೋಗುತ್ತದೋ ಏನೋ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ಗಾದೆ ಮಾಡಿದವರು ಸುಮ್ಮನೆ ಮಾಡಿರುವುದಿಲ್ಲ. ಪಕ್ಕದಲ್ಲಿ ಗಂಡ ಆಗಲೇ ಕಣ್ಣು ಮುಚ್ಚಿದ್ದಾನೆ, ಬದುಕಿಡೀ ಬಸ್ಸು ಓಡಿಸಿದವನು, ನಿದ್ದೆಯಲ್ಲೂ ಬೆನ್ನು ನೆಟ್ಟಗೆ, ಸದ್ಯ ಗೊರಕೆ ಹೊಡೆಯದಿದ್ದರೆ ಸಾಕು.

ಅವಳ ಬಲಗೈ ಮಡಿಲಲ್ಲಿ ಬಿದ್ದಿದೆ, ಯಾರೋ ಮರೆತು ಹೋದ ಕೈಗವಸಿನ ಹಾಗೆ. ಪಾರ್ಶ್ವವಾಯು ಬಡಿದು ಹೋದ ಮೇಲೆ ಭುಜ ಉಳಿಯಿತು, ಮೊಣಕೈ ಅಷ್ಟಿಷ್ಟು ಉಳಿಯಿತು, ಬೆರಳುಗಳು ಮಾತ್ರ ಸತ್ತವು, ಕಿರುಬೆರಳಂತೂ ಒಳಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತು, ಸೂಜಿ ಚುಚ್ಚಿದರೂ ಗೊತ್ತಾಗದು, ವ್ಯಾಯಾಮ ಮಾಡಿಸುವ ಡಾಕ್ಟರು ಎಳೆದೂ ಎಳೆದೂ ಕೈಚೆಲ್ಲಿದರು, ಗಂಡ ನೋಡಿ, ಇರ್ಲಿ ಬಿಡೇ, ನನ್ನ ಕೊಡೆ ನೇತುಹಾಕೋಕೆ ಒಂದು ಕೊಕ್ಕೆ ಆಯ್ತು ಅಂದ, ಥೂ ನಿಮ್ಮ ಅಂತ ನಕ್ಕಿದ್ದಳು, ಕಾಯಿಲೆ ಬಿದ್ದ ಮೇಲೆ ಅದೇ ಮೊದಲು ನಕ್ಕದ್ದು. ಅದಕ್ಕೂ ಮುಂಚೆ ನಗುವೂ ಇರಲಿಲ್ಲ, ಪ್ರಾರ್ಥನೆಯೂ ಇರಲಿಲ್ಲ, ಇದ್ದದ್ದು ದೇವರೊಡನೆ ಜಗಳ, ಕಣ್ಣು ಬೇಕಿದ್ರೆ ತಗೋಬಹುದಿತ್ತಲ್ಲ, ಕೈಯೇ ಆಗ್ಬೇಕಿತ್ತಾ ನಿನಗೆ, ಇಷ್ಟು ವರ್ಷ ಈ ಕೈ ಯಾರ ಹಾಡು ನುಡಿಸ್ತಿತ್ತು, ನಿಂದೇ ಅಲ್ವಾ? — ಚಾವಣಿ ನೋಡುತ್ತಾ ಮಲಗಿದ್ದ ಆ ದಿನಗಳಲ್ಲಿ ಕಣ್ಣ ಮುಂದೆ ಬರುತ್ತಿದ್ದುದು ಆ ಬಿಳಿ ಕೀ, ಇಳಿಯುತ್ತದೆ, ಏಳುವುದಿಲ್ಲ, ತಾನೂ ಹಾಗೇ ಎಂದು ಅಳು ಬರುತ್ತಿತ್ತು. ಪಾದ್ರಿಗಳು ಬಂದು ಹೋಗುತ್ತಿದ್ದರು, ಬುದ್ಧಿವಂತರು, ಉಪದೇಶ ಮಾಡದೆ ಬಿಸ್ಕತ್ತು ತಿಂದು ಸುಮ್ಮನೆ ಕೂತಿರುತ್ತಿದ್ದರು. ಆಮೇಲೆ ಒಂದು ಮಧ್ಯಾಹ್ನ, ಸೊಸೆ ಅವಳ ಕೈಯನ್ನು ಬಿಸಿನೀರಿನಲ್ಲಿಟ್ಟುಕೊಂಡು ಒಂದೊಂದೇ ಬೆರಳು ಒತ್ತುತ್ತಾ ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದಳು, ಶ್ರುತಿಗೂ ಅವಳಿಗೂ ಎಣ್ಣೆ ಸೀಗೇಕಾಯಿ, ತಾನು ತಡೆಯಲಾರದೆ ಅಲ್ಲಲ್ಲ ಮೇಲೆ ಹೋಗು ಮೇಲೆ ಅಂದಳು, ಸೊಸೆ ಮೇಲೆ ಹೋದಳು, ಸರಿ ಬಂತು, ಆ ಸರಿ ಬಂದದ್ದರ ಹಿಂದೆಯೇ ತನ್ನ ಬಾಯಿಂದ ಅಪ್ಪಾ ತಂದೆಯೇ ಎಂದು ಹೊರಟಿತು, ಇಷ್ಟೇ, ಮುಂದಕ್ಕೆ ಒಂದು ಮಾತಿಲ್ಲ, ಆದರೆ ಎಷ್ಟೋ ದಿನ ಬೀಗ ಬಿದ್ದಿದ್ದ ಮನೆಯ ಬಾಗಿಲು ತೆರೆದ ಹಾಗೆ ಎದೆ ಹಗುರವಾಯಿತು. ಅಲ್ಲಿಂದೀಚೆಗೆ ಸುಖವಾಗಿಯೇ ಇದ್ದಾಳೆ, ಸುಳ್ಳು ಯಾಕೆ ಹೇಳಬೇಕು, ಎಡಗೈಯಲ್ಲಿ ಚಹಾ ಕುಡಿಯುತ್ತಾಳೆ, ಕಿಟಕಿಯ ಬಿಸಿಲಿಗೆ ಕುರ್ಚಿ ಎಳೆಸಿಕೊಳ್ಳುತ್ತಾಳೆ, ಮನೆಯ ಹಾರ್ಮೋನಿಯಂ ಮೇಲೆ ಸೊಸೆಗೆ ತಾನೇ ಪಾಠ ಹೇಳಿದ್ದಾಳೆ, ದೇವರು ಒಡ್ಡಿದ ಪರೀಕ್ಷೆ, ಶೋಧನೆ, ಮುಗಿಯಿತು, ಗೆದ್ದೆ ಅಂದುಕೊಂಡಿದ್ದಳು. ಗೆದ್ದಳಂತೆ ಗೆದ್ದಳು!

ಹಾಡು ಶುರುವಾಗಿದೆ, ಎಲ್ಲರೂ ಎದ್ದಿದ್ದಾರೆ, ಪರವಾಗಿಲ್ಲ ಹುಡುಗಿ, ತಾಳ ಬಿಟ್ಟಿಲ್ಲ, ಮೊದಲ ಚರಣ ದಾಟಿತು, ಎರಡನೆಯದೂ, ಒಂದು ವೇಳೆ ಮರ ಒಣಗಿದೆಯೋ ಏನೋ, ಕೊನೆಯ ಸಾಲು — ಇಳಿಯಿತು. ಏಳಲಿಲ್ಲ. ಹಾಡು ನಿಂತಿದೆ, ಮೇಕೆ ನಿಂತಿಲ್ಲ, ಪ್ರಾರ್ಥಿಸೋಣ ಅಂದರು ಪಾದ್ರಿಗಳು, ಎಲ್ಲರೂ ತಲೆ ತಗ್ಗಿಸಿ ಕೂತರು, ಆ ಒಂದೇ ಸ್ವರ ಎಳೆದು ಎಳೆದು ನರಳಿ ಗಾಳಿ ಮುಗಿದ ಮೇಲೆ ಸತ್ತಿತು, ಮಕ್ಕಳ ಬೆಂಚಿನಲ್ಲಿ ಕಿಸಕ್ಕೆಂದರು, ಹಿಂದಿನಿಂದ ದೊಡ್ಡ ಗಂಟಲಿನ ಟೀಚರಮ್ಮ ಪಿಸುಗುಟ್ಟಿದಳು, ಏನೇ ಹೇಳಿ, ನಮ್ಮ ಆರ್ಗನಮ್ಮನ ಕೈ ಯಾರಿಗೂ ಬರೋಲ್ಲ. ಅಯ್ಯೋ, ಹಾಲು ಕುಡಿದಷ್ಟು ಸಂತೋಷವಾಯಿತು, ಪ್ರಾರ್ಥನೆಗೆ ತಲೆ ಬಗ್ಗಿಸಿಕೊಂಡೇ ಆಯಿತು! ಸೈತಾನನಿಗೆ ಕೊಂಬಿರುತ್ತದೆ ಎಂದು ಚಿಕ್ಕವಳಿದ್ದಾಗ ಹೇಳಿಕೊಟ್ಟಿದ್ದರು, ಎಲ್ಲಿಯ ಕೊಂಬು, ನೆಂಟನ ಹಾಗೆ ಪಕ್ಕದಲ್ಲೇ ಕೂತು ಎಷ್ಟು ಮರ್ಯಾದೆಯಿಂದ ಮಾತಾಡುತ್ತಾನೆ, ಸುಮ್ನಿರಿ ಅಮ್ಮ, ನೀವೇನು ಕೆಟ್ಟದ್ದು ಮಾಡಿದ್ರಿ, ಮಳೆ ಮಾಡಿದ್ದು, ಮುಂದಿನ ಹಾಡಿಗೆ ತಿದಿ ತುಳಿದ ಕೂಡಲೇ ಮತ್ತೆ ಅರಚುತ್ತೆ, ನಿಮ್ಮ ಸೊಸೆ ಆರ್ಗನ್ ಕೆಟ್ಟಿದೆ ಅಂತಾಳೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಜನ ನಗ್ತಾರೆ, ಸ್ಟೂಲು ಖಾಲಿಯಾಗುತ್ತೆ. ಖಾಲಿಯಾದರೆ ನಾನು ಕೂರುತ್ತೇನಾ, ಈ ಕೈಯಲ್ಲಿ? ಕೂರದಿದ್ರೇನು, ನಿಮ್ಮದಾಗೇ ಖಾಲಿ ಇರುತ್ತಲ್ಲ ಅಂತಾನೆ. ದೇವಕುಮಾರನಾದ ಸ್ವಾಮಿಗೆ ಆಸೆ ಹುಟ್ಟಿಸಲು ಲೋಕದ ರಾಜ್ಯಗಳನ್ನೆಲ್ಲ ತೋರಿಸಿದವನು ಅವಳಿಗೆ ತೋರಿಸಿದ್ದು ಒಂದು ಸ್ಟೂಲು, ಅದಕ್ಕೇ ಅವಳ ಬಾಯಲ್ಲಿ ನೀರೂರುತ್ತಿದೆ, ನಾಚಿಕೆಗೇಡು. ಪಾದ್ರಿಗಳು ಎಲ್ಲರಿಂದ ಹೇಳಿಸುವ ಪ್ರಾರ್ಥನೆ ಶುರುವಾಯಿತು, ತುಟಿ ತನ್ನಷ್ಟಕ್ಕೆ ಹೇಳುತ್ತಿದೆ, ಅವಳು ರೆಪ್ಪೆಯ ಸಂದಿಯಿಂದ ನೋಡುತ್ತಿದ್ದಾಳೆ — ಸೊಸೆ ಕೀಗಳನ್ನು ನೋಡುತ್ತಿಲ್ಲ, ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಾಳೆ, ಅಂಗೈ ತಿರುಗಿಸಿ, ಮತ್ತೆ ಮಗುಚಿ, ತಪ್ಪು ಎಲ್ಲಿದೆ ಎಂದು ತನ್ನ ಕೈಯಲ್ಲೇ ಹುಡುಕುತ್ತಿದ್ದಾಳೆ. ಆ ನೋಟ ಅವಳಿಗೆ ಗೊತ್ತು, ಚಾವಣಿಯ ಕೆಳಗೆ ಮಲಗಿ ತಾನು ನೋಡಿಕೊಂಡದ್ದೇ ಆ ನೋಟ. ಅಯ್ಯೋ ಬೇಡಮ್ಮ, ಬಿಸಿನೀರಿನ ಕೈ ಅದು, ಅದರಲ್ಲೇನು ತಪ್ಪಿದೆ.

ತಂದೆಯೇ, ದೊಡ್ಡ ಬಲವೇನೂ ಬೇಡ, ಈ ಬೆಂಚಿನಿಂದ ಏಳುವಷ್ಟು ಕೊಡು. ಬಾಯಲ್ಲಿ ನಮ್ಮನ್ನು ಶೋಧನೆಗೆ ಒಳಪಡಿಸದಿರು ಎಂಬ ಸಾಲು ಬಂದಿತ್ತು, ಮೊಣಕಾಲು ನೆಟ್ಟಗಾಗಿತ್ತು, ಎಡಗೈಯಲ್ಲಿ ಊರುಗೋಲು, ಕಣ್ಣು ಮುಚ್ಚಿದ ಸಭೆಯ ನಡುವೆ ಟಕ್ ಟಕ್, ಗಂಡ ಬೆಚ್ಚಿ ಯಾವ ಸ್ಟಾಪು ಅಂದ, ಪಾದ್ರಿಗಳು ಒಂದೇ ಕಣ್ಣು ತೆರೆದು ಮತ್ತೆ ಮುಚ್ಚಿಕೊಂಡರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಸೊಸೆಯ ಕಿವಿಯ ಹತ್ತಿರ ಬಗ್ಗಿ, ಆ ಕೀ ಕಚ್ಕೊಳ್ಳುತ್ತೆ ಕಣಮ್ಮ, ಮಳೆಗೆ, ನಿನ್ನ ಕೈಯದಲ್ಲ ತಪ್ಪು, ನಂಗೆ ಗೊತ್ತಿತ್ತು, ಬೇಕಂತಲೇ ಹೇಳ್ಲಿಲ್ಲ. ಸೊಸೆ ತಲೆಯೆತ್ತಿ ನೋಡಿದಳು, ಕಣ್ಣು ಒದ್ದೆ, ಮೂಗೊರೆಸಿಕೊಂಡು, ಮನೆಗೆ ಹೋಗಿ ಜಗಳ ಆಡೋಣ ಅತ್ತೆ, ಈಗ ಏನ್ ಮಾಡೋದು ಹೇಳಿ ಅಂದಳು. ಕೀಯನ್ನು ಎತ್ತಬೇಕು, ಪ್ರತಿ ಸಲವೂ, ಕೆಳಗಿನಿಂದ, ಹಿಂದೆಲ್ಲ ತಾನು ಕಿರುಬೆರಳಲ್ಲೇ ಮಿಡಿದು ಎತ್ತುತ್ತಿದ್ದಳು, ವರ್ಷಗಟ್ಟಲೆ ಕಲಿತದ್ದು, ಅದನ್ನೀಗ ಕಲಿಸಲು ಹೊತ್ತೆಲ್ಲಿದೆ, ಎಡಗೈ ಕೋಲು ಬಿಟ್ಟರೆ ತಾನೇ ಬೀಳುತ್ತಾಳೆ, ಉಳಿದದ್ದು ಯಾವುದು — ಭುಜದಿಂದ ಬಲಗೈ ಎತ್ತಿ ಕೀಗಳ ಅಂಚಿಗೆ ತಂದಳು, ಬಾಗಿದ ಕಿರುಬೆರಳು ಬಿಳಿ ಕೀಯ ತುಟಿಯಡಿಗೆ ಹೋಗಿ ಕೂತಿತು, ಅಳತೆ ತೆಗೆದು ಮಾಡಿಸಿದ ಹಾಗೆ. ನೀನು ಒತ್ತು, ನಾನು ಎತ್ತುತ್ತೀನಿ ಅಂದಳು. ಆಮೆನ್ ಅಂದಿತು ಸಭೆ, ಸೊಸೆ ತಿದಿ ತುಳಿದಳು, ಹಾಡು ಎದ್ದಿತು, ಟೀಚರಮ್ಮನ ಗಂಟಲು ಎಲ್ಲರಿಗಿಂತ ಮುಂದೆ, ಹಾಡಲಿ ಪಾಪ, ಬೆರಳಿಗೆ ನೋವಿಲ್ಲ, ಬೆರಳಿಗೆ ಏನೂ ತಿಳಿಯುವುದಿಲ್ಲ, ಕಣ್ಣಿಗೆ ತಿಳಿಯುತ್ತದೆ, ಎಷ್ಟು ಹಾಯಾಗಿದೆ, ಮನೆಗೆ ಹೋದ ಮೇಲೆ ಜಗಳವಿದೆ, ಇರಲಿ, ಚಹಾ ಕುಡಿದು ಆಡಿದರಾಯಿತು, ಸೊಸೆ ಒತ್ತುತ್ತಾಳೆ, ಕೀ ಇಳಿಯುತ್ತದೆ, ಕೊಕ್ಕೆ ಎತ್ತುತ್ತದೆ, ಏಳುತ್ತದೆ, ಇಳಿಯುತ್ತದೆ — ಏಳುತ್ತದೆ — ಬಿಳಿ ಕೀ, ಅದರಡಿಯಲ್ಲಿ ಬಾಗಿದ ಬೆರಳು —