ಸೀಮೆಸುಣ್ಣದ ಮನೆ

ಟೇಪಕ್ಕನ ನಿಜವಾದ ಹೆಸರು ಅವರ ವಿಸಿಟಿಂಗ್ ಕಾರ್ಡಿನಲ್ಲಿತ್ತು. ಅದನ್ನು ಯಾರಾದರೂ ಓದಿದ್ದರೆಂಬುದಕ್ಕೆ ಸಾಕ್ಷಿಯಿಲ್ಲ. ಸೊಂಟಕ್ಕೆ ಸದಾ ಅಳತೆಯ ಟೇಪು ಸಿಕ್ಕಿಸಿಕೊಂಡು, ಪುಟ್ಟ ಪುಟ್ಟ ಫ್ಲ್ಯಾಟುಗಳಲ್ಲಿ ಇಲ್ಲದ ಜಾಗ ಹುಡುಕಿಕೊಡುವ ಹೆಂಗಸನ್ನು ಜನ ಇನ್ನೇನೆಂದು ಕರೆದಾರು? ದೊಡ್ಡ ಮನೆಗಳ ಕೆಲಸವನ್ನು ಅವರು ಒಪ್ಪಿಕೊಳ್ಳುತ್ತಿರಲಿಲ್ಲ. "ಅಲ್ಲಿ ನನಗೇನು ಕೆಲಸ? ಸೋಫಾ ಎಲ್ಲಿಟ್ರೂ ನಡೆಯುತ್ತೆ" ಎಂದು ಮೂಗು ಮುರಿಯುತ್ತಿದ್ದರು. ತೆರೆಯುವ ಬಾಗಿಲೊಂದು ಏಳು ಚದರಡಿ ನುಂಗುತ್ತದೆ. ತಲೆ ಬಾಚಿಕೊಳ್ಳುವವರ ಮೊಣಕೈ ಪಕ್ಕದವರ ಕಾಫಿ ಚೆಲ್ಲುವಷ್ಟು ದೂರ ಚಾಚುತ್ತದೆ. ಅಡುಗೆಮನೆಯ ಹಾದಿ ಎರಡೂಕಾಲು ಅಡಿಗಿಂತ ಕಿರಿದಾದರೆ ಗಂಡ ಹೆಂಡಿರ ನಡುವೆ ಮಾತು ಬೆಳೆಯುತ್ತದೆ. ಅವರ ಶಾಸ್ತ್ರವೆಲ್ಲ ಇಂಥ ಸೂತ್ರಗಳಿಂದಲೇ ಆದದ್ದು.

ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಮನೆಯ ಒಬ್ಬೊಬ್ಬರನ್ನೇ ಹೊರಗೆ ಮೆಟ್ಟಿಲ ಮೇಲೆ ಕೂರಿಸಿಕೊಂಡು, ನಿಮಗೇನು ಬೇಕು ಎಂದು ಕೇಳುವುದು. ಅವರವರದ್ದು ಅವರವರೇ ಹೇಳಬೇಕು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಕೂಡದು. ಗುಟ್ಟಿನಲ್ಲಿ ಕೇಳಿದರೆ ಮನುಷ್ಯನ ಆಸೆ ಅರಳುತ್ತದೆ. "ನಂಗೆ ಎರಡು ಬೀರು. ಅವರಿಗೆ ಹೇಳ್ಬೇಡಿ." ಅದನ್ನೆಲ್ಲ ಟೇಪಕ್ಕ ಹೇಳಿದ್ದು ಹೇಳಿದಂತೆಯೇ ಖಾಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ, ಅಸಲಿ ಅಳತೆಯಲ್ಲಿ ಬರೆಯುತ್ತಿದ್ದರು. ಒಬ್ಬರ ಬೀರು ಇನ್ನೊಬ್ಬರ ಮಂಚದ ಮೇಲೆ ಹತ್ತಿ ಕೂತಿರುವುದನ್ನು ಕಣ್ಣಾರೆ ಕಂಡ ಮೇಲೆ ಜನ ನಾಚಿಕೊಂಡು ತಾವೇ ಕಡಿಮೆ ಮಾಡಿಕೊಳ್ಳುತ್ತಿದ್ದರು. ಟೇಪಕ್ಕ ಬಾಯಿ ಬಿಡಬೇಕಾಗಿಯೇ ಇರಲಿಲ್ಲ.

ಈ ಸಲ ಕರೆಸಿದವಳು ಒಬ್ಬ ನರ್ಸು. ಮೂರನೆಯ ಮಹಡಿ, ಒಂದು ಹಾಲ್, ಒಂದು ರೂಮು, ನಿಂತಲ್ಲೇ ತಿರುಗಬಹುದಾದ ಅಡುಗೆಮನೆ. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು, ಅತ್ತೆ.

"ಅತ್ತೆಗೆ ಒಂದು ಮಂಚದ ಜಾಗ ಆಗ್ಬೇಕು ಅಕ್ಕಾ. ಮಿಕ್ಕಿದ್ದು ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ. ಹನ್ನೊಂದು ವರ್ಷದಿಂದ ಹಾಲಲ್ಲಿ ಮಡಚೋ ಮಂಚ ಹಾಕ್ಕೊಂಡು ಮಲಗ್ತಾರೆ. ಬೆಳಿಗ್ಗೆ ನಾವು ಏಳೋದ್ರೊಳಗೆ ಮಡಚಿ ಬಾಗಿಲ ಹಿಂದೆ ನಿಲ್ಲಿಸಿರ್ತಾರೆ. ಈಗ ಎರಡು ತಿಂಗಳಿಂದ, ತಮ್ಮನ ಮನೆಗೆ ಹೋಗಿ ಇದ್ದುಬಿಡ್ತೀನಿ ಅಂತ ಶುರು ಮಾಡಿದಾರೆ. ಜಾಗ ಇಲ್ಲ ಅನ್ನೋದೇ ನೆಪ. ಆ ನೆಪ ಒಂದು ತೆಗೆದುಹಾಕಿ."

"ಹೋಗ್ಬೇಡಿ ಅಂತ ಹೇಳಿದೀರಾ?"

"ಹೇಳಿದ್ರೆ ಕೇಳೋ ಪೈಕಿನಾ ಅವರು?"

"ಸರಿ. ಅವರ ಮಂಚ ಅವರೇ ಕೇಳ್ಲಿ. ನಿಮಗೇನು ಬೇಕು ಹೇಳಿ."

ನರ್ಸು ತುಸು ಯೋಚಿಸಿದಳು. "ನಂಗೇನೂ ಬೇಡ. ಊಟದ ಟೇಬಲ್ಲೂ ಬೇಡ. ಆಸ್ಪತ್ರೇಲಿ ನಿಂತ್ಕೊಂಡೇ ತಿಂದು ಅಭ್ಯಾಸ."

ಮುದ್ರಣಾಲಯದಲ್ಲಿ ಕೆಲಸ ಮಾಡುವ ಗಂಡ, ದಿನವಿಡೀ ಪರರ ಮಾತು ಅಚ್ಚು ಹಾಕಿ ತನ್ನ ಮಾತನ್ನು ಉಳಿತಾಯ ಮಾಡುವವನು. "ಬೀರು ಬೇಡ. ನಾಲ್ಕು ಶರ್ಟಿದೆ. ಮೊಳೆ ಸಾಕು" ಎಂದು ಎದ್ದುಹೋದ. ಮಗಳು ಪುಟ್ಟಿ ಗಂಭೀರವಾಗಿ ಬಂದು ಕೂತಳು. "ನಂಗೆ ಟೇಬಲ್ ಬೇಡ ಆಂಟಿ. ವಾಷಿಂಗ್ ಮಷೀನ್ ಮೇಲೆ ಬರ್ಕೋತೀನಿ. ಅದು ತಿರುಗುವಾಗ ಅಕ್ಷರ ಸೊಟ್ಟ ಆಗುತ್ತೆ. ಅವಾಗ ಬಾಯಿಪಾಠ ಮಾಡ್ತೀನಿ."

ಕೊನೆಗೆ ಅತ್ತೆ. ಎತ್ತರದ ಹೆಂಗಸು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಮೆಟ್ಟಿಲ ಮೇಲೂ ಬೆನ್ನು ನೆಟ್ಟಗಿಟ್ಟುಕೊಂಡೇ ಕೂತರು.

"ನನಗೇನೂ ಬರೀಬೇಡಮ್ಮಾ. ತಿಂಗಳ ಕೊನೆಗೆ ಹೊರಟೋಳು ನಾನು. ಟಿಕೆಟ್ ಆಗಿದೆ."

"ಸೊಸೆಗೆ ಗೊತ್ತಾ?"

"ಗೊತ್ತಾದ್ರೆ ಬಿಡ್ತಾಳಾ? ಟ್ರೇನು ಹತ್ತಿ ಫೋನ್ ಮಾಡ್ತೀನಿ. ಮೂವತ್ತೆರಡು ವರ್ಷ ಊರಿಗೆಲ್ಲ ಲೈನು ಕೊಟ್ಟೋಳು, ನನ್ನದೊಂದು ಕಾಲ್ ಮಾಡ್ಕೊಳಕ್ಕೆ ಬರಲ್ವಾ?"

"ತಮ್ಮನ ಮನೆ ದೊಡ್ಡದಾ?"

"ದೊಡ್ಡದು. ಮೂರು ರೂಮು." ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಮಾತಾಡೋಕೆ ಜನ ಸಿಗಲ್ಲ, ಅಷ್ಟೇ."

ಸೊಸೆ ಕೇಳಿದ್ದೇನೆಂದು ಹೇಳಿಬಿಡುವ ಮಾತು ಟೇಪಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಕ್ರಮ ಎಂದರೆ ಕ್ರಮ.

ಆ ದಿನ ಮನೆಗೆ ಹೋಗಿ ಲೆಕ್ಕ ಹಾಕಿದರೆ ಲೆಕ್ಕ ಕೂಡಿಬರಲಿಲ್ಲ. ಎಷ್ಟು ಸಲ ಕೂಡಿದರೂ ಹಾಲಿನ ಕಿಟಕಿಯ ಪಕ್ಕದ ಗೋಡೆಗೆ ಐದಡಿ ನಾಲ್ಕಿಂಚು ಉದ್ದ, ಎರಡೂವರೆ ಅಡಿ ಅಗಲದ ಜಾಗ ಮಿಕ್ಕುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಅವರ ಕೈಯಲ್ಲಿ ಯಾವ ಮನೆಯಲ್ಲೂ ಜಾಗ ಮಿಕ್ಕಿರಲಿಲ್ಲ. ಚಾಳೀಸು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಬಿಟ್ಟುಕೊಟ್ಟ ಬೀರು, ಬಿಟ್ಟುಕೊಟ್ಟ ಟೇಬಲ್ಲು, ಬಿಟ್ಟುಕೊಟ್ಟ ಇನ್ನೊಂದು ಟೇಬಲ್ಲು, ಎಲ್ಲವೂ ಒಂದೇ ಗೋಡೆಯವು. ಮೂವರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ಮಂಚಕ್ಕೆ ಜಾಗ ಬಿಟ್ಟಿದ್ದರು. ಮಂಚ ಕೇಳಬೇಕಾದವರು ಮಾತ್ರ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಾಮಾನೆಲ್ಲ ಕಾರಿಡಾರಿಗೆ ಬಂತು. ಪಕ್ಕದ ಮನೆಯಾಕೆ ಯಾರು ಖಾಲಿ ಮಾಡುತ್ತಿದ್ದಾರೆಂದು ಎರಡು ಸಲ ವಿಚಾರಿಸಿಕೊಂಡು ಹೋದಳು. ಟೇಪಕ್ಕ ಮಂಡಿಯೂರಿ ಸೀಮೆಸುಣ್ಣ ಎಳೆದರು. ಪುಟ್ಟಿ ಇಲ್ಲದ ಫ್ರಿಜ್ ತೆರೆದು ಇಲ್ಲದ ನೀರು ಕುಡಿದಳು. ಅವಳ ಅಪ್ಪ ತನ್ನ ಮೊಳೆಯ ಕೆಳಗೆ ನಿಂತ. ಅತ್ತೆ ಚಪ್ಪಲಿ ಬಿಡುವ ಜಾಗದಲ್ಲಿ, ಕರೆಯದೆ ಬಂದ ನೆಂಟರ ಹಾಗೆ ನಿಂತಿದ್ದರು.

ನರ್ಸು ಗೆರೆಗಳ ನಡುವೆ ಒಂದು ಸುತ್ತು ಬಂದು, ಕಿಟಕಿಯ ಬಳಿಯ ಖಾಲಿ ಚೌಕದ ಮುಂದೆ ನಿಂತಳು. "ಇದು ಯಾರ್ದು?"

"ಯಾರೂ ಕೇಳಿಲ್ಲ" ಎಂದರು ಟೇಪಕ್ಕ.

"ಮತ್ತೆ ಅತ್ತೆ ಮಂಚ?"

"ಅವರನ್ನೇ ಕೇಳಿ."

ನರ್ಸು ತಿರುಗಿದಳು. "ಅತ್ತೆ, ನೀವೇನು ಕೇಳಿದ್ರಿ?"

"ಏನೂ ಕೇಳಿಲ್ಲ. ಕೇಳೋಕೆ ಇದೇನು ಹೋಟ್ಲಾ?"

"ಎಲ್ಲಿ ಮಲಗ್ತೀರಿ? ಮೆಟ್ಟಿಲ ಮೇಲಾ?"

"ತಮ್ಮನ ಮನೇಲಿ. ಇಪ್ಪತ್ತೊಂಬತ್ತಕ್ಕೆ ಟ್ರೇನು." ಗುಟ್ಟು ರಟ್ಟಾದ ಮೇಲೆ ಅತ್ತೆಗೆ ಧೈರ್ಯವೇ ಬಂತು. "ನೋಡು, ನಾನು ಮಲಗಿದ್ರೆ ನೀವೆಲ್ಲ ಕಳ್ಳರ ಹಾಗೆ ಹೆಜ್ಜೆ ಹಾಕ್ತೀರಿ. ಈ ಮಗು ಬಚ್ಚಲಲ್ಲಿ ಕೂತು ಓದುತ್ತೆ. ನನ್ನ ಮಗ ಕೆಮ್ಮು ಬಂದ್ರೆ ದಿಂಬಿಗೆ ಬಾಯಿ ಇಟ್ಟು ಕೆಮ್ತಾನೆ. ನಾನು ಹೋದ್ರೆ ನೀವೊಂದಿಷ್ಟು ಉಸಿರಾಡ್ತೀರಿ."

"ನಾವು ಉಸಿರಾಡೋ ಲೆಕ್ಕ ನಿಮಗ್ಯಾರು ಕೊಟ್ರು?" ನರ್ಸಿನ ದನಿ ಏರಿತು, ಮರುಕ್ಷಣ ಇಳಿಯಿತು. "ರಾತ್ರಿ ಮೂರೂವರೆಗೆ ಡ್ಯೂಟಿ ಮುಗಿಸಿ ಬರ್ತೀನಿ. ಮೆಟ್ಟಿಲ ಸದ್ದಿಗೇ ಬಾಗಿಲು ತೆಗೆದಿರ್ತೀರಿ. ನನ್ನ ಚೀಲದಲ್ಲಿ ಈ ಮನೆ ಬೀಗದ ಕೈ ಇಲ್ಲ ಅತ್ತೆ. ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ಬೇಕಾಗಿಲ್ಲ."

"ಒಂದು ಮಾಡಿಸ್ಕೋ. ಹತ್ತು ನಿಮಿಷದಲ್ಲಿ ಮಾಡ್ಕೊಡ್ತಾರೆ."

"ಮಾಡಿಸ್ಕೊಳಲ್ಲ."

ಜಗತ್ತಿನ ಮಾತೆಲ್ಲ ಕೇಳಿಸಿಕೊಂಡಿದ್ದ ಅತ್ತೆಯ ಕಿವಿಗೆ ಈ ಮಾತು ಹೊಸದಾಗಿತ್ತು. ಮಗ ನೆಲ ನೋಡುತ್ತ, "ಅಮ್ಮಾ, ಒಳಗೆ ಬಾ" ಎಂದ. ಆ ದಿನ ಅವನು ಆಡಿದ ಮೊದಲ ಮಾತು ಅದು.

ಟೇಪಕ್ಕ ಸೊಂಟದ ಟೇಪನ್ನು ಪಟ್ಟನೆ ಎಳೆದರು. "ಅಮ್ಮಾ, ಈ ಜಾಗದ ಅಳತೆ ಸರೀನಾ ಅಂತ ನನಗೆ ಅನುಮಾನ. ಒಂದ್ನಿಮಿಷ ಇಲ್ಲಿ ಮಲಗಿ."

"ಅನುಮಾನ ಇದ್ರೆ ನೀವೇ ಮಲಗಿ."

"ನಾನು ಕುಳ್ಳಿ. ನನ್ನ ಅಳತೆಗೆ ಮನೆ ಮಾಡಿದ್ರೆ ನೀವೆಲ್ಲ ತಲೆ ತಗ್ಗಿಸಿ ಓಡಾಡ್ಬೇಕಾಗುತ್ತೆ."

ಅತ್ತೆ ಮೊದಲು ಸೊಸೆಯ ಮುಖ ನೋಡಿದರು. ಆಮೇಲೆ ನಿಧಾನವಾಗಿ ಕೂತು, ಕೈ ಊರಿ, ಗೆರೆಯೊಳಗೆ ಪಕ್ಕಕ್ಕೆ ಹೊರಳಿ, ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡು ಮಲಗಿದರು. "ನೋಡಿ. ಸಾಕಷ್ಟಾಯ್ತು. ಇನ್ನೂ ಮಿಗುತ್ತೆ."

"ಕಾಲು ನೀಡಿ."

"ನಾನು ಮಲಗೋದೇ ಹೀಗೆ."

"ಅದು ಮಡಚೋ ಮಂಚ ಕಲಿಸಿದ್ದು. ಕಾಲು ನೀಡಿ ಅಮ್ಮಾ."

ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ಅಂಗಾತ ಹೊರಳಿದ ಅತ್ತೆಯ ಪಾದಗಳು ಸೀಮೆಸುಣ್ಣದ ಗೆರೆ ದಾಟಿ ಫ್ರಿಜ್ಜಿನೊಳಗೆ ಹೋದವು. ಪುಟ್ಟಿ ಕಿಸಕ್ಕನೆ ನಕ್ಕಳು. ಅತ್ತೆ ತಟಕ್ಕನೆ ಕಾಲು ಎಳೆದುಕೊಳ್ಳುವಷ್ಟರಲ್ಲಿ ಸೊಸೆ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕಾಲಿನ ಬೆರಳುಗಳನ್ನು ಹಿಡಿದುಕೊಂಡಳು.

"ಫ್ರಿಜ್ ಸರಿಸಿ" ಎಂದ ಮಗ.

"ಸರಿಸಿದ್ರೆ ಅದರ ಬಾಗಿಲು ಗೋಡೆಗೆ ಹೊಡೆಯುತ್ತೆ" ಎಂದಳು ನರ್ಸು.

"ಬಾಗಿಲನ್ನ ಆಚೆ ಬದಿಗೆ ಹಾಕೋಣ. ನಾಲ್ಕು ಸ್ಕ್ರೂ ಕೆಲಸ" ಎಂದರು ಟೇಪಕ್ಕ. "ಮಂಚದ ಕೆಳಗೆ ನಿಮ್ಮ ಶರ್ಟಿಗೂ ಡ್ರಾಯರ್. ಕಿಟಕಿ ಕಟ್ಟೆಗೆ ಒಂದು ಮಡಚೋ ಹಲಗೆ, ಪುಟ್ಟಿ ಅಜ್ಜಿ ಪಕ್ಕ ಕೂತು ಬರೀತಾಳೆ. ಮೊಳೆ ನಾನು ಹೊಡೆಯಲ್ಲ." ಒದ್ದೆ ಬಟ್ಟೆಯಿಂದ ಹಳೆಯ ಗೆರೆ ಒರೆಸಿ, ಪಾದಗಳ ಆಚೆ ಒಂದು ಗೇಣು ಬಿಟ್ಟು ಹೊಸ ಗೆರೆ ಎಳೆದರು.

"ತಲೆ ಕಿಟಕಿ ಕಡೆ ಬೇಡ" ಎಂದಿತು ನೆಲದಿಂದ ಒಂದು ದನಿ. "ಬಾಗಿಲ ಕಡೆ ಇರ್ಲಿ. ಮೆಟ್ಟಿಲ ಸದ್ದು ಕೇಳಿಸ್ಬೇಕು."

ನರ್ಸು ಮೂಗು ಒರೆಸಿಕೊಳ್ಳಲು ಅಡುಗೆಮನೆಗೆ ಹೋದಳು. ಆ ಮನೆಯಲ್ಲಿ ಮರೆಯಾಗಲು ಬೇರೆ ಜಾಗವಿರಲಿಲ್ಲ. ಪುಟ್ಟಿ ಅಮ್ಮನ ಹಿಂದೆ ಓಡಲೆಂದು ಗೆರೆಯೊಳಗೆ ಒಂದು ಕಾಲಿಟ್ಟಳು.

"ಏಯ್, ಕಣ್ಣು ಕಾಣಲ್ವಾ?" ಎಂದರು ಅಜ್ಜಿ, ಮಲಗಿದಲ್ಲಿಂದಲೇ. "ಮಂಚ ಇದೆ ಇಲ್ಲಿ. ಸುತ್ಕೊಂಡು ಹೋಗು."

ಪುಟ್ಟಿ ಸುತ್ತಿಕೊಂಡು ಹೋದಳು.